ಕಾಕಾನ ದಿಕ್ಸೂಚಿ: ಜೂನ್‌ನಲ್ಲಿ ವಾಯವ್ಯದ ಕಡೆ ಒಂದು ಕಣ್ಣಿರಲಿ

ಚೀನೀಯರ ವಾಸ್ತು ಫೆಂಗ್‌ಶೂಯಿಯ ಜೂನ್ ತಿಂಗಳ ಲೆಕ್ಕ ಯಾವತ್ತಿನಿಂದ ಅಂತ ತುಂಬ ಜನ ಕೇಳಿದ್ದೀರಿ. ಜೂನ್ 5ರಿಂದ ಜುಲೈ 6ರವರೆಗೆ. ಈ ಲೆಕ್ಕದ ತಿಂಗಳು ಸೂರ್ಯನನ್ನು ನೋಡಿ ಬದಲಾಗುತ್ತದೆ, ಚಂದ್ರನನ್ನಲ್ಲ. ನಮ್ಮ ರೈತರ ಮಳೆ ನಕ್ಷತ್ರವೂ ಹಾಗೇ ಅಲ್ವಾ? ಮೃಗಶಿರಾ ಮಳೆ ಕೂಡುವ ಹೊತ್ತು ಅಂತ ನೆನಪಿಟ್ಟುಕೊಳ್ಳಿ, ಒಂದೆರಡು ದಿನ ಆಚೀಚೆ ಅಷ್ಟೇ. ಚೀನೀಯರ ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ 2026 ಕುದುರೆ ವರ್ಷ. ಜೂನ್ ಕೂಡ ಕುದುರೆ ತಿಂಗಳು.

ಕಾಕಾರೇ, ನಮ್ಮದು ಹುಬ್ಬಳ್ಳಿಯ ಉಣಕಲ್ ಹತ್ತಿರ ಮನೆ. ಅತ್ತೆ ವಾಯವ್ಯದ ಕೋಣೆಯಲ್ಲಿ ಮಲಗುತ್ತಾರೆ. ಮೂರು ತಿಂಗಳಿಂದ ಅವರಿಗೆ ಕೆಮ್ಮು, ಕಾಲುನೋವು. ಪೇಟೆಯಲ್ಲಿ ಒಬ್ಬರು ಗಾಳಿಗಂಟೆ, ಮೂರು ಕಾಲಿನ ಕಪ್ಪೆ, ಲಾಫಿಂಗ್ ಬುದ್ಧ ಎಲ್ಲ ಸೇರಿ 2,400 ರೂಪಾಯಿ ತೊಗೊಂಡು ಒಂದು ನಕ್ಷೆಯನ್ನೂ ಕೊಟ್ಟರು. ನಕ್ಷೆ ನೋಡಿಯೇ ಗಂಟೆ ಕಟ್ಟಿದೆ. ಅದು ಅಡುಗೆಮನೆಗೆ ಬಂತು. ಒಗ್ಗರಣೆ ಹಾಕುವಾಗೆಲ್ಲ ತಲೆಗೆ ಬಡಿಯುತ್ತದೆ. "ಇದ್ಯಾವ ಗುಡಿ ಮಾಡೀಯವಾ" ಅಂತ ಅತ್ತೆ ನಗುತ್ತಾರೆ. ಸರಿಯಾಗಿ ಕಟ್ಟಿದ್ದೀನಾ?

ಇಲ್ಲ ತಂಗಿ. ತಪ್ಪು ನಿನ್ನದಲ್ಲ, ನಕ್ಷೆಯನ್ನು ಓದಿ ಹೇಳದವರದ್ದು. ನೀನು ಕಳಿಸಿದ ಫೋಟೋ ನೋಡಿದೆ. ಚೀನೀ ನಕ್ಷೆಯಲ್ಲಿ ದಕ್ಷಿಣ ಮೇಲಿರುತ್ತದೆ, ಉತ್ತರ ಕೆಳಗೆ. ನಮ್ಮ ಶಾಲೆಯ ಭೂಪಟದ ಉಲ್ಟಾ. ಅಲ್ಲಿ ವಾಯವ್ಯ ಬಲಗಡೆಯ ಕೆಳಮೂಲೆಗೆ ಬರುತ್ತದೆ. ನಾವು ಅದನ್ನು ಆಗ್ನೇಯ ಅಂತ ಓದಿ ಅಡುಗೆಮನೆಗೆ ಹೋಗುತ್ತೇವೆ. ಸಿಂಗಪುರಕ್ಕೆ ಹೋದ ಹೊಸದರಲ್ಲಿ ನಾನೂ ಹೀಗೇ ಓದಿದ್ದೆ. ಅಲ್ಲಿ ಹನ್ನೊಂದು ವರ್ಷ ಕಟ್ಟಡದ ನಕ್ಷೆ ಬರೆದವನು ನಾನು, ದಿಕ್ಕು ತಪ್ಪಿದ್ದಕ್ಕೆ ಮನೆ ಮಾಲಕಿ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನನ್ನ ಫೆಂಗ್‌ಶೂಯಿ ಪಾಠ ಶುರುವಾಗಿದ್ದೇ ಆವತ್ತು.

ಈಗ ಲೆಕ್ಕ. ಒಂಬತ್ತು ಮನೆಯ ಚೌಕ, 1ರಿಂದ 9ರವರೆಗೆ ಅಂಕಿ, ಎತ್ತ ಕೂಡಿದರೂ 15. ಮೂಲ ಚೌಕ ಇದು. ಇದರ ಅಂಕಿಗಳು ವರ್ಷಕ್ಕೊಮ್ಮೆ, ತಿಂಗಳಿಗೊಮ್ಮೆ ಜಾಗ ಬದಲಿಸುತ್ತವೆ. ವಾಸ್ತುವಿಗೂ ಇದಕ್ಕೂ ಇರುವ ದೊಡ್ಡ ಫರಕು ಅದೇ. ವಾಸ್ತುವಿನ ಮೂಲೆ ಕೂತಲ್ಲೇ ಕೂತಿರುತ್ತದೆ, ಇದು ತಿರುಗುತ್ತದೆ. ಈ ವರ್ಷ ವಾಯವ್ಯಕ್ಕೆ 2 ಬಂದಿದೆ, ರೋಗದ ಅಂಕಿ. ಜೂನ್‌ನಲ್ಲಿ ತಿಂಗಳ ಚೌಕದ 5 ಅದೇ ಜಾಗಕ್ಕೆ ಬಂದು ಕೂರುತ್ತದೆ, ಅದು ವಿಘ್ನದ್ದು. 2-5 ಜೋಡಿ ಅಂದರೆ ಈ ವಿದ್ಯೆ ಗೊತ್ತಿದ್ದವರು ಮುಖ ಸಿಂಡರಿಸುತ್ತಾರೆ. ಅದರ ಮೇಲೆ ವಾಯವ್ಯ ಅವರ ಲೆಕ್ಕದಲ್ಲಿ ಮನೆಯ ಹಿರಿಯರ ದಿಕ್ಕು.

2, 5 ಎರಡೂ ಈ ವಿದ್ಯೆಯಲ್ಲಿ ಮಣ್ಣಿನ ಅಂಕಿಗಳು. ಮಣ್ಣಿನ ಬಲ ಇಳಿಸುವುದು ಲೋಹ, ಏರಿಸುವುದು ಬೆಂಕಿ. ಆರು ಕೊಳವೆಯ ಹಿತ್ತಾಳೆ ಗಂಟೆ ಮಾರುವುದು ಅದಕ್ಕೇ, 6 ಲೋಹದ ಅಂಕಿ. ಆದರೆ ಹುಬ್ಬಳ್ಳಿಯ ಹಳೆ ಮನೆತನದವರಿಗೆ ಹಿತ್ತಾಳೆ ಕೊಳ್ಳುವ ಗತಿ ಯಾಕೆ ಬಂತು? ಅಟ್ಟದ ಮೇಲೆ ಅತ್ತೆಯ ಮದುವೆಯ ತಂಬಿಗೆ, ಕೊಡ ಇದ್ದೇ ಇರುತ್ತವೆ. ಆರು ತಂಬಿಗೆ ಇಳಿಸು. ಹುಣಸೆಹಣ್ಣು ಹಚ್ಚಿ ತಿಕ್ಕಿ ಆ ಕೋಣೆಯಲ್ಲಿ ಸಾಲಾಗಿ ಇಡು. ಕೆಂಪು ಪರದೆ, ಕೆಂಪು ಬಲ್ಬು ಇದ್ದರೆ ಒಂದು ತಿಂಗಳು ತೆಗೆ. ಕಪ್ಪೆ, ಬುದ್ಧ ಎರಡಕ್ಕೂ ಈ ತಿಂಗಳು ಕೆಲಸವಿಲ್ಲ, ಮಕ್ಕಳು ಆಡಿಕೊಳ್ಳಲಿ.

ಉಪ್ಪುನೀರಿನ ಲೋಟದಲ್ಲಿ ನಾಣ್ಯ ಹಾಕಿಡುವ ಉಪಾಯವೂ ಇದೆ. ನಾನು ಒಮ್ಮೆ ಅಲ್ಮೇರಾ ಮೇಲೆ ಇಟ್ಟಿದ್ದೆ. ಉಪ್ಪು ಲೋಟ ಹತ್ತಿ, ಹೊರಗೆ ಇಳಿದು, ಅಲ್ಮೇರಾದ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ನನ್ನ ಹೆಂಡತಿ ಇವತ್ತಿಗೂ ಅದನ್ನು ಫೆಂಗ್‌ಶೂಯಿ ಅಲ್ಮೇರಾ ಅಂತಲೇ ಕರೆಯುತ್ತಾಳೆ. ಇಡುವುದಾದರೆ ಕೆಳಗೊಂದು ತಾಟು ಇಡು.

ಎಲ್ಲಕ್ಕಿಂತ ಮೊದಲು ಆ ಕೋಣೆಯ ಪಡುವಣ ಗೋಡೆ ಮುಟ್ಟಿ ನೋಡು. ನಮ್ಮ ಕಡೆ ಮಳೆ ಹೊಡೆಯುವುದು ಹೆಚ್ಚಾಗಿ ಪಡುವಣದಿಂದ. ಗೋಡೆ ಹಸಿ ಇದ್ದರೆ ಕೆಮ್ಮಿಗೆ 2-5 ಬೇಕಿಲ್ಲ. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ತಂಬಿಗೆ ಔಷಧ ಅಲ್ಲ.

ಮಗ ಈ ವರ್ಷ ಹತ್ತನೇ ಈಯತ್ತೆ. ಯಾವ ದಿಕ್ಕಿನಲ್ಲಿ ಕೂತು ಓದಬೇಕು? (ಧಾರವಾಡ)

ಜೂನ್‌ನಲ್ಲಿ ಮನೆಯ ನಟ್ಟನಡುವೆ. 1 ಮತ್ತು 4 ಅಲ್ಲಿ ಕೂಡುತ್ತವೆ, ಅದು ಓದು-ಬರಹದ ಜೋಡಿ. ನಡುಮನೆಯಲ್ಲಿ ಟಿವಿ ಇದೆ ಅಂತ ಬರೆದಿದ್ದೀರಿ. ಅದನ್ನು ಆರಿಸುವ ಲೆಕ್ಕ ಯಾವ ಚೌಕದಲ್ಲೂ ಇಲ್ಲ, ನೀವೇ ಆರಿಸಬೇಕು.

ನಾನು 1984ರ ಆಗಸ್ಟ್‌ನಲ್ಲಿ ಹುಟ್ಟಿದ್ದು, ಇಲಿ. ಕುದುರೆ ವರ್ಷ ನನಗೆ ಪೂರ್ತಿ ವಿರುದ್ಧ ಅಂತ ಓದಿ ನಿದ್ದೆ ಹೋಗಿದೆ. (ಗದಗ)

ಹೌದು, ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ ಇಲಿಗೆ ಎದುರು ಕೂರುವುದು ಕುದುರೆ. ಹಾಗಂತ ನಿದ್ದೆ ಬಿಡಬೇಡವಾ. ಇಲಿಗೆ ಗುಟ್ಟಿನ ಗೆಳೆಯ ಒಬ್ಬ ಇದ್ದಾನೆ, ಎತ್ತು. ಇಂಥ ವರ್ಷದಲ್ಲಿ ಎತ್ತಿನ ಬೊಂಬೆ ಹತ್ತಿರ ಇಟ್ಟುಕೊಳ್ಳಿ ಅನ್ನುತ್ತಾರೆ. ಪೇಟೆಯಲ್ಲಿ ಹುಡುಕಬೇಡ. ಮಣ್ಣೆತ್ತಿನ ಅಮಾಸಿ ಬರುತ್ತದಲ್ಲ, ಆಗ ಮಾಡುವ ಜೋಡೆತ್ತಿನಲ್ಲಿ ಒಂದು ಜೋಡಿಯನ್ನು ನೀರಿಗೆ ಬಿಡದೆ ಒಣಗಿಸಿ ತೆಗೆದಿಡು. ಫೆಬ್ರವರಿ ತನಕ ಸಾಕು.

ನಮ್ಮದು ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ. ಮನೆಯ ದಕ್ಷಿಣಕ್ಕೆ ನೀರಿನ ಸಂಪು ತೋಡಿಸಬೇಕು. ಜೂನ್ 15ಕ್ಕೆ ಅಧಿಕ ಮಾಸ ಮುಗಿಯುತ್ತದೆ, ಮರುದಿನವೇ ಗುದ್ದಲಿ ಹಾಕಬಹುದಾ?

ಅಣ್ಣಾರೇ, ಅಧಿಕ ಮಾಸ ದಾಟಿ ನೇರ ಹುಲಿಯ ಬಾಯಿಗೆ ಹೊರಟಿದ್ದೀರಿ. ಈ ವರ್ಷದ 5 ಕೂತಿರುವುದು ದಕ್ಷಿಣದಲ್ಲೇ. ತೈ ಸುಯಿ ಅಂತ ವರ್ಷದ ಅಧಿಪತಿ ಒಬ್ಬನಿದ್ದಾನೆ, ಅವನೂ ಅಲ್ಲೇ. ಅಗೆಯುವುದು, ಒಡೆಯುವುದು, ಡ್ರಿಲ್ ಹಾಕುವುದು ಅವನಿಗೆ ಆಗದು. ಎದುರಿನ ಉತ್ತರದಲ್ಲೂ ಈ ವರ್ಷ ಅಗೆಯುವಂತಿಲ್ಲ. 2027ರ ಫೆಬ್ರವರಿ 4 ದಾಟಲಿ, 5 ದಕ್ಷಿಣ ಬಿಟ್ಟು ಉತ್ತರಕ್ಕೆ ಹೋಗುತ್ತದೆ, ಆಗ ತೋಡಿಸಿ.

ನಂಬಿಕೆ ಇಲ್ಲ ಅಂದರೂ ನಿಲ್ಲಿ. ನಿಮ್ಮದು ಎರೆ ಭೂಮಿ ಅಂತ ಬರೆದಿದ್ದೀರಿ. ಮಳೆಗಾಲದಲ್ಲಿ ಎರೆಮಣ್ಣಿನ ಗುಂಡಿಯ ಬದಿ ನಿಲ್ಲುವುದಿಲ್ಲ, ಕುಸಿಯುತ್ತದೆ. ಒಳಗೆ ಇಳಿದವನ ಗತಿ ಏನು? ದಕ್ಷಿಣದ ಪಡಸಾಲೆಯ ಮೆಣಸಿನಕಾಯಿ ಚೀಲ ಬೆಂಕಿಯ ಬಣ್ಣ ಅಂತ ಹೆದರಿದ್ದೀರಿ. ಚೀಲದ ಬಾಯಿ ಹೊಲಿದಿದ್ದರೆ ಬಣ್ಣ ಯಾರಿಗೆ ಕಾಣುತ್ತದೆ?

ನಮ್ಮ ಯಜಮಾನರು ಮೇ 31ಕ್ಕೆ ಸರ್ಕಾರಿ ನೌಕರಿಯಿಂದ ನಿವೃತ್ತರಾದರು. ದಾಖಲೆಯಲ್ಲಿ ಹುಟ್ಟಿದ್ದು 1-6-1966. ಬೆಂಕಿ ಕುದುರೆ, ಅವರದೇ ವರ್ಷ ಮತ್ತೆ ಬಂದಿದೆ, ವರ್ಷಪೂರ್ತಿ ಸೊಂಟಕ್ಕೆ ಕೆಂಪು ಕಟ್ಟಬೇಕು ಅಂತ ಮಗಳು ಹೇಳುತ್ತಾಳೆ. ಇವರು ಒಪ್ಪುತ್ತಿಲ್ಲ. (ಹಾವೇರಿ)

ಮಗಳು ಓದಿದ್ದು ಸರಿ. ತನ್ನದೇ ಪ್ರಾಣಿಯ ವರ್ಷ ಬಂದಾಗ ಚೀನೀಯರು ಕೆಂಪು ಪಟ್ಟಿ ಕಟ್ಟುತ್ತಾರೆ. ಬೆಂಕಿ ಕುದುರೆಯಂತೂ 60 ವರ್ಷಕ್ಕೊಮ್ಮೆ, ನಮ್ಮ ಸಂವತ್ಸರದ ಹಾಗೆ. ಅದಕ್ಕೆ ಹೆದರಿ ಜಪಾನಿನಲ್ಲಿ 1966ರಲ್ಲಿ ಹೆರಿಗೆಗಳೇ ಸುಮಾರು ಕಾಲು ಭಾಗ ಕಡಿಮೆಯಾಗಿದ್ದವು. ಕೆಂಪು ಕಟ್ಟುವುದೂ ನಮ್ಮವರಿಗೆ ಕಷ್ಟವಲ್ಲ, ಉಡದಾರ ಬದಲಿಸಿದರೆ ಆಯಿತು.

ಆದರೆ ಜೂನ್ 1 ಅಂದ ಕೂಡಲೇ ನನಗೆ ಅನುಮಾನ. ನಮ್ಮ ಕಾಲದ ಮಾಸ್ತರರು ಅರ್ಧ ಊರನ್ನೇ ಜೂನ್ 1ರಂದು ಹುಟ್ಟಿಸಿದ್ದಾರೆ. ನಾನೂ ಅದರಲ್ಲೊಬ್ಬ. ನಿಮ್ಮ ಪತ್ರದ ಕೊನೆಗೆ ಅತ್ತೆಯ ಮಾತೊಂದನ್ನು ಬರೆದಿದ್ದೀರಿ: "ಶಾಸ್ತ್ರಿಯವರು ಹೋದ ಸುದ್ದಿ ರೇಡಿಯೋದಾಗ ಬಂದ ಮೂರನೇ ದಿನಕ್ಕ ಇಂವ ಹುಟ್ಟಿದ." ಲಾಲ್ ಬಹಾದ್ದೂರ್ ಶಾಸ್ತ್ರಿ ತೀರಿಕೊಂಡದ್ದು 1966ರ ಜನವರಿ 11. ಆ ಸಲ ಚೀನೀ ಹೊಸ ವರ್ಷ (ಇದು ಮಾತ್ರ ಚಂದ್ರನ ಲೆಕ್ಕ) ಬಂದದ್ದು ಜನವರಿ 21ಕ್ಕೆ. ಅಂದರೆ ಯಜಮಾನರು ಕುದುರೆಯೇ ಅಲ್ಲ, ಹಾವು. ನಮ್ಮ ಪಂಚಾಂಗದಲ್ಲೂ ಅದು ವಿಶ್ವಾವಸು, ಪರಾಭವ ಅಲ್ಲ.

ದಾಖಲೆಯನ್ನಲ್ಲ, ಹೆತ್ತವಳನ್ನು ನಂಬುವವನು ನಾನು. ಮಾಸ್ತರರ ಕೃಪೆಯಿಂದ ಯಜಮಾನರಿಗೆ ನಾಲ್ಕು ತಿಂಗಳ ಸಂಬಳ ಜಾಸ್ತಿ ಸಿಕ್ಕಿದೆ, ಸುಮ್ನಿರಿ. ಹಾವಿನ ವರ್ಷ 2025ರ ಜನವರಿ 29ಕ್ಕೆ ಬಂದು ಈ ಫೆಬ್ರವರಿ 16ಕ್ಕೆ ಹೋಯಿತು. ಅವರ ವರ್ಷ ಅವರಿಗೆ ಗೊತ್ತಾಗದೆ ದಾಟಿದೆ. ಉಡದಾರ ಕಪ್ಪೇ ಇರಲಿ.