ಅಡಿಕೆ ತೆಗೆದು ಅಗರ್‌ವುಡ್ (ಪರಿಮಳದ ರಾಳಕ್ಕೆ ಬೆಳೆಸುವ ಮರ) ಹಾಕಿದರೆ ಎಂಟು ವರ್ಷಕ್ಕೆ ಎಕರೆಗೆ ಎಷ್ಟು ಕೋಟಿ ಸಿಗಬಹುದು?

ಸಸಿ ಕೊಟ್ಟವರೇ ಇಂಜೆಕ್ಷನ್ ಮಾಡಿ ಮರ ವಾಪಸ್ ಕೊಳ್ಳುತ್ತಾರೆ ಅಂತ ಬರೆದಿದ್ದೀರಿ. 2008ರಲ್ಲಿ ನಮ್ಮ ಮನೆ ಜಗಲಿಯಲ್ಲೂ ಇದೇ ಮಾತು ನಡೆದಿತ್ತು.

ಕೊಪ್ಪದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ನಡುನಡುವೆ 150 ಅಗರ್ ಸಸಿ ನೆಟ್ಟೆ. ಒಂದೆರಡು ಸಲ ಹುಳು ಎಲೆಯನ್ನೆಲ್ಲ ತಿಂದು ಬೋಳು ಮಾಡಿತು, ಮತ್ತೆ ಚಿಗುರಿತು. ಮರ ಚೆನ್ನಾಗಿಯೇ ಬಂತು.

ತಪ್ಪು ಮಾಡಿದ್ದು ಏಳನೇ ವರ್ಷ. ಶ್ರೀಗಂಧದಲ್ಲಿ ವಯಸ್ಸಾದ ಹಾಗೆ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ತಾನೇ ಕಟ್ಟುತ್ತದೆ. ಅಗರ್‌ನಲ್ಲಿ ಅದಿಲ್ಲ. ಆರೋಗ್ಯವಾಗಿರುವ ಮರ ಒಳಗೆ ಬೆಳ್ಳಗೆ, ಹಗುರ, ಪರಿಮಳವೇ ಇಲ್ಲ. ಗಾಯವಾಗಿ ಶಿಲೀಂಧ್ರ ಸೇರಿದರೆ, ಅದನ್ನು ತಡೆಯಲು ಮರ ರಾಳ ತುಂಬಿಕೊಳ್ಳುತ್ತದೆ. ಆ ಕಪ್ಪು ಭಾಗಕ್ಕೇ ಬೆಲೆ. ಅಸ್ಸಾಂನಲ್ಲಿ ಕಾಂಡ ಕೊರೆಯುವ ಹುಳು ಇದಕ್ಕೆ ದಾರಿ ಮಾಡಿಕೊಡುತ್ತದೆ. ನಮ್ಮಲ್ಲಿ ತೂತು ಕೊರೆದು ಮದ್ದು ಹಾಕಬೇಕು, ಇಂಜೆಕ್ಷನ್ ಅಂದರೆ ಇದೇ. ನಾನು 150 ಮರಕ್ಕೂ ಒಂದೇ ವಾರದಲ್ಲಿ ಹಾಕಿಸಿಬಿಟ್ಟೆ! ನಾಲ್ಕು ಮರಕ್ಕೆ ಹಾಕಿ, ಎರಡು ವರ್ಷ ಕಾದು, ಒಂದನ್ನು ಕಡಿದು ನೋಡಬೇಕಿತ್ತು. ಅರ್ಧದಷ್ಟು ಮರ ತೊಡೆಯಷ್ಟು ದಪ್ಪವೂ ಇರಲಿಲ್ಲ. ಒಟ್ಟಿಗೆ ಮಾಡಿಸಿದರೆ ರೇಟು ಕಡಿಮೆ ಅಂದರು. ಒಟ್ಟಿಗೆ ಕಡಿದರೆ ಲಾರಿ ಬಾಡಿಗೆಯೂ ಉಳಿಯುತ್ತದೆ ಅಂತ ನಾನು ಲೆಕ್ಕ ಹಾಕಿದೆ. ಮದ್ದು ಹಿಡಿಯದಿದ್ದರೆ ಏನು ಗತಿ ಅಂತ ಯೋಚನೆಯೇ ಬರಲಿಲ್ಲ.

ಎರಡು ವರ್ಷ ಬಿಟ್ಟು ಒಂದು ಮರ ಸೀಳಿಸಿದೆ. ತೂತಿನ ಸುತ್ತ ಬೆರಳಗಲ ಕಂದು ಗೆರೆ, ಉಳಿದದ್ದೆಲ್ಲ ಬಿಳಿ. ಉಳಿಯಲ್ಲಿ ಒಂದು ಚಕ್ಕೆ ಕೆತ್ತಿ ಕೆಂಡದ ಮೇಲಿಟ್ಟೆ. ಒಂದು ಗಳಿಗೆ ಸಿಹಿಯಾದ ಪರಿಮಳ ಬಂತು. ಆಮೇಲೆ ಬರೀ ಸೌದೆ ಹೊಗೆ. ನಲವತ್ತಕ್ಕೂ ಜಾಸ್ತಿ ಮರ ತೂತಿನಿಂದಲೇ ಕೊಳೆತು ಒಣಗಿದವು. ಕೊಳ್ಳುತ್ತೇವೆ ಅಂದವರ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್.

ಹಾಗಾಗಿ ಎಷ್ಟು ಕೋಟಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಕೆಜಿಗೆ ಲಕ್ಷ ಅಂತ ಅವರು ತೋರಿಸುವುದು ರಾಳ ತುಂಬಿದ ಒಳ್ಳೆ ಚಕ್ಕೆಯ ರೇಟು. ಅದನ್ನು ಇಡೀ ಮರದ ತೂಕಕ್ಕೆ ಗುಣಿಸಬೇಡಿ. ಹೊರದೇಶಕ್ಕೆ ಹೋಗಬೇಕಾದರೆ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರ ಬೇರೆ ಬೇಕು, 1995ರಿಂದ ಈ ಮರ ಅದರ ಪಟ್ಟಿಯಲ್ಲಿದೆ.

ಫಲ ಕೊಡುತ್ತಿರುವ ಅಡಿಕೆಗೆ ಮಾತ್ರ ಕೊಡಲಿ ಹಾಕಬೇಡಿ. ಆಸೆ ಇದ್ದರೆ ಬ್ಯಾಣದ (ತೋಟದ ಪಕ್ಕದ ಹುಲ್ಲುಗಾವಲಿನ) ಅಂಚಿಗೆ ಇಪ್ಪತ್ತು ಸಸಿ ನೆಡಿ, ಸಾಕು. ಅದಕ್ಕೂ ಮೊದಲು, ನಿಮ್ಮ ತಾಲ್ಲೂಕಿನಲ್ಲಿ ಅವರೇ ಮದ್ದು ಹಾಕಿದ ಒಂದು ಮರವನ್ನು ನಿಮ್ಮೆದುರೇ ಸೀಳಿ ತೋರಿಸಲು ಹೇಳಿ. ಕೆಂಡ ನೀವೇ ಒಯ್ಯಿರಿ.