‘ಪ್ರೀತಿಯ ಹಂತಗಳು’ ಎಂಬ ಇಟಾಲಿಯನ್ ಪರ್ಫ್ಯೂಮ್ ಸರಣಿ ಕೊಳ್ಳಬಹುದೇ? ಹೇಗೆ ಆರಿಸುವುದು?

ಮದುವೆ ವಾರ್ಷಿಕೋತ್ಸವಕ್ಕೆ ಹೆಂಡತಿಗೆ ಇಟಲಿಯ ಸಣ್ಣ ಪರ್ಫ್ಯೂಮ್ ಮನೆಯೊಂದರ ‘ಪ್ರೀತಿಯ ಹಂತಗಳು’ ಥರದ ಸರಣಿ ಕೊಡಬೇಕೆಂದಿದ್ದೀರಿ. ಆ ಹಂತಗಳು ಮೂಗಿಗೆ ನಿಜವಾಗಿ ತಿಳಿಯುತ್ತವೆಯೇ ಅಥವಾ ಡಬ್ಬಿಯ ಮೇಲಿನ ಕಥೆ ಮಾತ್ರವೇ, ನಮ್ಮ ಹವೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದ್ದೀರಿ.

ಒಳ್ಳೆಯ ಸರಣಿಯಾದರೆ ಖಂಡಿತ ತಿಳಿಯುತ್ತವೆ. ಆದರೆ ಹೆಸರು ಓದಿ ಕೊಳ್ಳಬೇಡಿ. ಆ ಹಂತದ ಭಾರವನ್ನು ಯಾವ ಸಾಮಗ್ರಿ ಹೊತ್ತಿದೆ ಎಂದು ನೋಡಿ ಕೊಳ್ಳಿ. ಮೊದಲ ನೋಟ, ಕಾಯುವಿಕೆ, ಮೈಮರೆವು, ಅಗಲಿಕೆ ಎಲ್ಲವೂ ಪರ್ಫ್ಯೂಮ್ ಮಾಡುವವರ ಕೈಗೆ ಬಂದಾಗ ಒಂದೇ ಲೆಕ್ಕಕ್ಕೆ ಇಳಿಯುತ್ತವೆ: ಯಾವುದು ಬೇಗ ಹಾರಿಹೋಗುತ್ತದೆ, ಯಾವುದು ಚರ್ಮಕ್ಕೆ ಅಂಟಿ ಉಳಿಯುತ್ತದೆ.

ಉದಾಹರಣೆಗೆ ಮಿಲಾನಿನ ‘ಮಾಸ್ಕ್ ಮಿಲಾನೋ’ ತೆಗೆದುಕೊಳ್ಳಿ. ಅವರು ತಮ್ಮ ಪರ್ಫ್ಯೂಮ್‌ಗಳನ್ನು ನಾಲ್ಕು ಅಂಕಗಳ ಒಪೆರಾದಂತೆ ಜೋಡಿಸಿ, ಮೂರನೆಯ ಅಂಕವನ್ನು ಪ್ರೇಮಸಂಬಂಧಗಳಿಗೆ ಇಟ್ಟಿದ್ದಾರೆ. ‘ರೊಮಾಂಝಾ’, ನಿರೀಕ್ಷೆ ಎಂಬ ಅರ್ಥದ ‘ಲಾತ್ತೇಸಾ’, ‘ಟ್ಯಾಂಗೋ’, ‘ಲವ್ ಕಿಲ್ಸ್’ ಆ ಅಂಕದ ದೃಶ್ಯಗಳು. ನಾಲ್ಕನ್ನೂ ಬೇರೆ ಬೇರೆಯವರು ಮಾಡಿದ್ದಾರೆ: ರೊಮಾಂಝಾ ಕ್ರಿಸ್ತಿಯಾನೋ ಕನಾಲಿ ಅವರದು, ಲಾತ್ತೇಸಾ ಲೂಕಾ ಮಾಫ್ಫೇಯಿ ಅವರದು, ಟ್ಯಾಂಗೋ ಸೆಸಿಲ್ ಜರೋಕಿಯಾನ್ ಅವರದು, ಲವ್ ಕಿಲ್ಸ್ ಕರೋಲಿನ್ ದ್ಯುಮುರ್ ಅವರದು. ಹೀಗೆ ಮಾಡಿದವರ ಹೆಸರನ್ನು ಬಚ್ಚಿಡದೆ ಹೇಳುವ ಮನೆಯನ್ನು ನಂಬಬಹುದು. ‘ಆರ್ಟಿಸಾನಲ್’ (ಕೈಕಸುಬಿನದು) ಎಂಬ ಮಾತಿಗೆ ಅಂಥ ಬೆಲೆಯಿಲ್ಲ, ಅದನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ನೀವು ನೋಡಿರುವ ಸರಣಿ ಬೇರೆಯದಾದರೂ ಪರವಾಗಿಲ್ಲ, ಕೆಳಗಿನ ಲೆಕ್ಕ ಅದಕ್ಕೂ ನಡೆಯುತ್ತದೆ.

ಮೊದಲ ನೋಟ, ಮೊದಲ ಭೇಟಿ ಎಂಬ ಹೆಸರಿದ್ದರೆ ಮೇಲ್ಪದರದಲ್ಲಿ, ಅಂದರೆ ಹೊಡೆದ ಕೂಡಲೇ ಬರುವ ಘಮದಲ್ಲಿ, ಬರ್ಗಮಾಟ್ ಇರುತ್ತದೆ ಎಂದು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ನಿಂಬೆ ಜಾತಿಯ ಈ ಹಣ್ಣು ಜಗತ್ತಿಗೆ ಬಹುಪಾಲು ಬರುವುದು ಇಟಲಿಯ ತುತ್ತತುದಿಯ ರೆಜ್ಜೋ ಕಲಾಬ್ರಿಯಾದ ಕಡಲಂಚಿನಿಂದ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು. ಸಿಪ್ಪೆಯನ್ನು ಬಿಸಿ ಮಾಡದೆ ಹಿಂಡಿ ಎಣ್ಣೆ ತೆಗೆಯುತ್ತಾರೆ, ಸುಮಾರು 200 ಕಿಲೋ ಹಣ್ಣಿಗೆ 1 ಕಿಲೋ ಎಣ್ಣೆ. ಇದರಲ್ಲಿರುವ ಲಿಮೊನೀನ್ ಎಂಬ ಅಂಶ ಕೆಲವೇ ನಿಮಿಷಗಳಲ್ಲಿ ಹಾರುತ್ತದೆ, ಲಿನಾಲಿಲ್ ಅಸಿಟೇಟ್ ಎಂಬ ಅಂಶ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತದೆ. ಹಾಗಾಗಿ ಇಂಥ ಪರ್ಫ್ಯೂಮಿನ ಮಿಂಚು ಎರಡು ಗಂಟೆಯಲ್ಲಿ ಮುಗಿದರೆ ಮೋಸ ಹೋದೆ ಎಂದುಕೊಳ್ಳಬೇಡಿ, ಅದರ ಗುಣವೇ ಅದು. ಪರಿಮಳದ ಅಂಶ ಹೆಚ್ಚಿದ್ದರೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಅನೇಕರು ನಂಬುತ್ತಾರೆ. ಬಾಟಲಿಯ ಮೇಲೆ ಬರೆದ ದರ್ಜೆಯಂತೆ ಕೊಲೋನಿನಲ್ಲಿ ಸುಮಾರು 2ರಿಂದ 5%, ಓ ದ ತ್ವಾಲೆತ್‌ನಲ್ಲಿ 5ರಿಂದ 15%, ಓ ದ ಪರ್ಫಮ್‌ನಲ್ಲಿ 15ರಿಂದ 20%, ಎಕ್ಸ್‌ಟ್ರೇಯಲ್ಲಿ ಅದಕ್ಕೂ ಮೇಲೆ ಇರುವುದು ವಾಡಿಕೆ. ಆದರೆ ಅಂಶ ಎಷ್ಟೇ ಏರಿಸಿದರೂ ಹುಳಿಹಣ್ಣಿನ ಘಮ ಸಂಜೆಯವರೆಗೆ ಬರುವುದಿಲ್ಲ. ಬಂದರೆ ಅದನ್ನು ಹಿಡಿದಿಡುವ ಬೇರೇನೋ ಕೆಳಗಿದೆ ಎಂದು ಅರ್ಥ.

ನನ್ನ ಮಟ್ಟಿಗೆ ಈ ಸರಣಿಯಲ್ಲಿ ಹೆಸರಿಗೂ ಸಾಮಗ್ರಿಗೂ ಅಚ್ಚುಕಟ್ಟಾಗಿ ಕೂಡಿಬಂದಿರುವುದು ಲಾತ್ತೇಸಾ. ಕಾಯುವಿಕೆಯ ಪರ್ಫ್ಯೂಮಿನ ನಟ್ಟನಡುವೆ ಐರಿಸ್ ಇಟ್ಟಿದ್ದಾರೆ, ಮೇಲೆ ಷಾಂಪೇನಿನ ನೊರೆಯ ಹುಳಿತನ. ಐರಿಸ್ ಎಂದರೆ ಹೂವಿನ ಘಮ ಎಂದುಕೊಳ್ಳಬೇಡಿ, ಪರ್ಫ್ಯೂಮಿಗೆ ಬೇಕಾದದ್ದು ಅದರ ಗೆಡ್ಡೆ. ಫ್ಲಾರೆನ್ಸ್‌ನ ತೆಂಕಣ ಗುಡ್ಡಗಳಲ್ಲಿ, ಸಾನ್ ಪೋಲೋ ಇನ್ ಕಿಯಾಂತಿಯ ಸುತ್ತಮುತ್ತ, ಐರಿಸ್ ಪ್ಯಾಲಿಡಾ ಬೆಳೆಯುತ್ತಾರೆ. ನೆಟ್ಟ ಮೇಲೆ ಸುಮಾರು ಮೂರು ವರ್ಷ ನೆಲದಲ್ಲಿ ಬಿಡಬೇಕು. ಆಮೇಲೆ ಬೇಸಿಗೆಯಲ್ಲಿ ಅಗೆದು, ಶುಂಠಿ ಕೊಂಬಿನ ಹಾಗೆ ಕವಲೊಡೆದ ಗೆಡ್ಡೆಗಳನ್ನು ಬೇರ್ಪಡಿಸಿ, ಸಣ್ಣ ಬಾಗುಚಾಕುವಿನಿಂದ ಒಂದೊಂದನ್ನೇ ಕೈಯಲ್ಲಿ ಹೆರೆದು ಒಣಗಿಸುತ್ತಾರೆ. ಆಗಿನ್ನೂ ಅದಕ್ಕೆ ಪರಿಮಳವೇ ಇಲ್ಲ, ಮಣ್ಣಿನ ವಾಸನೆ ಅಷ್ಟೇ. ಒಣಗಿದ್ದನ್ನು ಗಾಳಿಯಾಡುವ ಕಡೆ ಮತ್ತೆ ಮೂರು ವರ್ಷ ಇಡಬೇಕು. ಒಳಗಿನ ಇರಿಡಾಲ್ ಎಂಬ ವಸ್ತುಗಳು ನಿಧಾನವಾಗಿ ಗಾಳಿಯೊಡನೆ ಬೆರೆತು ಐರಿಸ್ಸಿಗೆ ಪರಿಮಳ ಕೊಡುವ ಐರೋನ್ ಆಗುವುದು ಈ ಅವಧಿಯಲ್ಲಿ. ಆಮೇಲೆ ಪುಡಿ ಮಾಡಿ ಹಬೆಯಲ್ಲಿ ಬಟ್ಟಿ ಇಳಿಸಿದರೆ ಎಣ್ಣೆಗೆ ಬದಲು ತಿಳಿ ಹಳದಿಯ ಗಟ್ಟಿ ಬೆಣ್ಣೆ ಸಿಗುತ್ತದೆ. ಮಿರಿಸ್ಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ತುಂಬಿರುವುದರಿಂದ ಹಾಗೆ ಹೆಪ್ಪುಗಟ್ಟುತ್ತದೆ. ನೆಟ್ಟ ದಿನದಿಂದ ಆರು ವರ್ಷ! ಸುಗಂಧದ್ರವ್ಯಗಳ ಪೈಕಿ ಇದು ಅತಿ ದುಬಾರಿಯವುಗಳಲ್ಲೊಂದು ಆಗಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಇದರಿಂದ ಕೊಳ್ಳುವವರಿಗೆ ಒಂದು ತೊಡಕೂ ಇದೆ. ಅಗ್ಗದ ‘ಐರಿಸ್’ಗಳಲ್ಲಿ ಗೆಡ್ಡೆಯ ಅಂಶ ಹೆಸರಿಗೂ ಇರುವುದಿಲ್ಲ, ಕಾರ್ಖಾನೆಯಲ್ಲಿ ತಯಾರಿಸಿದ ಅಯೋನೋನ್, ಮಿಥೈಲ್ ಅಯೋನೋನ್‌ಗಳಿಂದ ಕೆಲಸ ಮುಗಿಸಿರುತ್ತಾರೆ. ಅಯೋನೋನ್ ಕೆಟ್ಟದ್ದಲ್ಲ. 1893ರಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳಾದ ಟೀಮನ್ ಮತ್ತು ಕ್ರ್ಯೂಗರ್ ಅದನ್ನು ತಯಾರಿಸಿದ ಮೇಲೆಯೇ ವಯೊಲೆಟ್ ಹೂವಿನ ಪರಿಮಳ ಸಾಮಾನ್ಯರ ಕೈಗೆಟುಕಿತು. ವ್ಯತ್ಯಾಸ ಹಿಡಿಯುವುದು ಹೀಗೆ: ನಿಜವಾದ ಐರಿಸ್ ಬೆಣ್ಣೆ ತಣ್ಣಗಿರುತ್ತದೆ, ಹಸಿ ಕ್ಯಾರೆಟ್ಟಿನ ಮಣ್ಣುತನ ಇರುತ್ತದೆ, ಸಿಹಿ ತಡವಾಗಿ ಬರುತ್ತದೆ. ಅಯೋನೋನ್ ಮೊದಲಿನಿಂದಲೂ ಸಿಹಿ, ಮುಖಕ್ಕೆ ಹಚ್ಚುವ ಪೌಡರಿನ ಕಡೆಗೆ ಜಾರುತ್ತದೆ. ಇನ್ನೊಂದು ವಿಷಯ, ಅಯೋನೋನಿಗೆ ಮೂಗು ಬಹುಬೇಗ ದಣಿಯುತ್ತದೆ. ಹತ್ತು ನಿಮಿಷದಲ್ಲಿ ಪರಿಮಳ ಮಾಯವಾಗಿ, ಹೊರಗೆ ಹೋಗಿ ಬಂದರೆ ಮತ್ತೆ ಹಾಜರಾಗುತ್ತದೆ. ಪರ್ಫ್ಯೂಮ್ ಹಾರಿಹೋಯಿತು ಎಂದು ಆಗ ಇನ್ನೂ ನಾಲ್ಕು ಸಲ ಹೊಡೆದುಕೊಂಡರೆ ಪಕ್ಕದಲ್ಲಿ ಕೂತವರಿಗೆ ತಲೆನೋವು.

ಮೈಮರೆವಿನ ಹಂತಕ್ಕೆ ಮಲ್ಲಿಗೆ ಮತ್ತು ಬೆಚ್ಚನೆಯ ಮಸಾಲೆ ರೂಢಿ. ಟ್ಯಾಂಗೋದಲ್ಲೂ ಮಲ್ಲಿಗೆಯ ಜೊತೆ ಜೀರಿಗೆ ಇದೆ. ಯುರೋಪಿನ ಮೂಗಿಗೆ ಜೀರಿಗೆ ಎಂದರೆ ಬೆವರಿದ ಮೈಯ ಬಿಸುಪು, ಅದಕ್ಕೆಂದೇ ಹಾಕುವುದು. ನಮ್ಮ ಮೂಗು ಮಾತ್ರ ನೇರ ಒಗ್ಗರಣೆಗೆ ಹೋಗುತ್ತದೆ. ಇದು ಪರ್ಫ್ಯೂಮಿನ ದೋಷವೂ ಅಲ್ಲ, ನಮ್ಮ ದೋಷವೂ ಅಲ್ಲ, ಆದರೆ ಉಡುಗೊರೆ ಕೊಡುವಾಗ ಲೆಕ್ಕಕ್ಕೆ ಇಡಲೇಬೇಕಾದ ಸಂಗತಿ. ಮಲ್ಲಿಗೆಯ ವಿಷಯದಲ್ಲಿ ಹಾಗಾಗುವುದಿಲ್ಲ, ನಾವೇ ಒಳ್ಳೆಯ ತೀರ್ಪುಗಾರರು. ಜಾಜಿಯ ಮತ್ತು ದುಂಡುಮಲ್ಲಿಗೆಯ ಅಬ್ಸಲ್ಯೂಟ್ (ಹೂವಿನಿಂದ ತೆಗೆದ ಗಾಢ ಸಾರ) ಯುರೋಪಿನ ಪರ್ಫ್ಯೂಮ್ ಮನೆಗಳಿಗೆ ಹೋಗುವುದು ಬಹಳಷ್ಟು ತಮಿಳುನಾಡಿನಿಂದಲೇ. ಅದರಲ್ಲಿನ ಇಂಡೋಲ್ ಎಂಬ ಅಂಶ ಗಾಢವಾಗಿದ್ದರೆ ನುಸಿಗುಳಿಗೆಯ ವಾಸನೆ, ತೆಳುವಾಗಿದ್ದರೆ ರಾತ್ರಿ ಅರಳಿದ ಹೂವಿನ ಜೀವ. ಮುಡಿದ ಮಾಲೆ ಮರುದಿನ ಬೆಳಗ್ಗೆ ಬಾಡುವಾಗಿನ ಆ ಭಾರವಾದ ಘಮ ಪರ್ಫ್ಯೂಮಿನಲ್ಲಿ ಸಿಕ್ಕರೆ ಅಬ್ಸಲ್ಯೂಟ್ ಬಳಸಿದ್ದಾರೆ ಎಂದು ಧೈರ್ಯವಾಗಿ ಊಹಿಸಬಹುದು. ಬರೀ ತೊಳೆದಿಟ್ಟಂಥ ಬಿಳಿ ಘಮವಾದರೆ ಹೆಚ್ಚಿನಂಶ ಹೆಡಿಯೋನ್ ಮುಂತಾದ, ಕಾರ್ಖಾನೆಯಲ್ಲಿ ತಯಾರಿಸಿದ ವಸ್ತುಗಳು.

ಅಗಲಿಕೆಯ ಕಡೆಗೆ ಬಂದರೆ, ಲವ್ ಕಿಲ್ಸ್ ಗುಲಾಬಿಯಿಂದ ಆರಂಭಿಸಿ ಪಚೌಲಿ ಎಲೆ, ಕಸ್ತೂರಿಯಂಥ ಮಸ್ಕ್ ಮುಂತಾದ ಒಣ, ದೀರ್ಘಕಾಲ ನಿಲ್ಲುವ ತಳಕ್ಕೆ ಇಳಿಯುತ್ತದೆ. ಗಂಟೆಗಳು ಕಳೆದಂತೆ ಹೂವು ಹಿಂದೆ ಸರಿದು ತಳ ಮುಂದೆ ಬರುತ್ತದೆ. ಶೃಂಗಾರವನ್ನು ಸಂಭೋಗ (ಕೂಡಿರುವುದು), ವಿಪ್ರಲಂಭ (ಅಗಲಿರುವುದು) ಎಂದು ಬಿಡಿಸಿದ ನಮ್ಮ ಆಲಂಕಾರಿಕರ ಲೆಕ್ಕದಲ್ಲಿ ಇದೂ ವಿಪ್ರಲಂಭ, ಲಾತ್ತೇಸಾವೂ ವಿಪ್ರಲಂಭ. ನಿಮ್ಮ ಸಂದರ್ಭಕ್ಕೆ ನಾನಾದರೆ ಲಾತ್ತೇಸಾವನ್ನು ಆರಿಸುತ್ತೇನೆ.

ಇಂಥ ತಳಗಳಲ್ಲಿ ‘ಮೈಸೂರು ಶ್ರೀಗಂಧ’ ಎಂದು ಬರೆದಿರುವುದನ್ನೂ ಕಾಣುತ್ತೀರಿ. ಅದನ್ನು ಓದಿ ಹಿಗ್ಗುವ ಮೊದಲು ತಿಳಿದಿರಲಿ: ಪಟ್ಟಿಯಲ್ಲಿ ಬರೆಯುವುದು ಪರಿಮಳದ ಬಗೆಯನ್ನು, ಮರ ಬೆಳೆದ ಊರನ್ನಲ್ಲ. ಮೈಸೂರಿನ ಸರ್ಕಾರಿ ಶ್ರೀಗಂಧದೆಣ್ಣೆ ಕಾರ್ಖಾನೆ 1916ರಷ್ಟು ಹಳೆಯದು, ಹೆಸರು ಅಲ್ಲಿಂದ ಬೆಳೆದು ಬಂದದ್ದು. ಇಂದು ಅದೇ ಜಾತಿಯ ಮರವನ್ನು ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಸುತ್ತ ತೋಟಗಳಲ್ಲಿ ಬೆಳೆಯುತ್ತಾರೆ, ಯುರೋಪಿನವರು ಅದನ್ನೂ ಕೊಳ್ಳುತ್ತಾರೆ. ಜವನೋಲ್, ಎಬನೋಲ್‌ನಂಥ ತಯಾರಿಸಿದ ವಸ್ತುಗಳಂತೂ ಎಲ್ಲೆಡೆ ಇವೆ. ನಿಜವಾದ ಗಂಧದೆಣ್ಣೆ ಮೆತ್ತಗೆ, ಹಾಲಿನಂತೆ, ಚರ್ಮದ ಹತ್ತಿರವೇ ಇರುತ್ತದೆ. ದೂರದಿಂದಲೇ ಚುಚ್ಚುವಂತೆ ಬಂದರೆ ತಯಾರಿಸಿದ್ದು ಮೇಲುಗೈ ಆಗಿದೆ.

ಪರೀಕ್ಷಿಸುವ ಕ್ರಮ ಹೀಗಿರಲಿ. ದೊಡ್ಡ ಬಾಟಲಿ ಬೇಡ, ಮೊದಲು 1.5 ಅಥವಾ 2 ಮಿಲೀ ಸ್ಯಾಂಪಲ್‌ಗಳ ಸೆಟ್ ತರಿಸಿ. ನಾಲ್ಕನ್ನೂ ಬೇರೆ ಬೇರೆ ಬ್ಲಾಟರ್ ಕಾಗದದ ಮೇಲೆ ಒಂದೊಂದು ಸಲ ಹೊಡೆದು, ಹಿಂದೆ ಹೆಸರು ಬರೆದು, ಆಲ್ಕೋಹಾಲ್ ಆರಲು ಅರ್ಧ ನಿಮಿಷ ಬಿಟ್ಟು ಮೂಸಿ. ಕೂಡಲೇ ಮೂಸಿದರೆ ಸ್ಪಿರಿಟ್ಟೇ ಮೂಗಿಗೆ ಹೊಡೆದು ಮುಂದಿನ ಹತ್ತು ನಿಮಿಷ ಏನೂ ತಿಳಿಯುವುದಿಲ್ಲ. ಕಾಗದದ ಮೇಲೆ ಇಷ್ಟವಾದ ಎರಡನ್ನು ಮಾತ್ರ ಚರ್ಮಕ್ಕೆ ಒಯ್ಯಿರಿ, ಒಂದು ಮುಂಗೈಗೆ ಒಂದು. ಹದಿನೈದು ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ, ಎಂಟು ಗಂಟೆಗೆ ಮೂಸಿ ಎರಡೆರಡು ಮಾತು ಬರೆದಿಡಿ. ನಡುವೆ ಕಾಫಿ ಬೀಜ ಮೂಸುವುದರಿಂದ ಲಾಭವಿಲ್ಲ, ಕಿಟಕಿಯ ಹತ್ತಿರ ಹೋಗಿ ಶುದ್ಧ ಗಾಳಿ ಎಳೆದುಕೊಂಡರೆ ಸಾಕು. ಹಾಕಿಕೊಳ್ಳುವವರು ನಿಮ್ಮ ಹೆಂಡತಿಯಾದ್ದರಿಂದ ಪರೀಕ್ಷೆಯೂ ಅವರ ಚರ್ಮದ ಮೇಲೆಯೇ ಆಗಬೇಕು. ಹೆಸರು, ಹಂತ ಯಾವುದನ್ನೂ ಹೇಳದೆ ಮೂಸಲು ಕೊಡಿ, ಹೆಸರು ಕೇಳಿದ ಮೇಲೆ ಮೂಗು ಹೆಸರನ್ನೇ ಹುಡುಕುತ್ತದೆ. ಕೆಲವರಿಗೆ ಕೆಲವು ಮಸ್ಕ್‌ಗಳು ತಿಳಿಯುವುದೇ ಇಲ್ಲ. ನಿಮಗೆ ಜೋರಾಗಿ ಬಂದದ್ದು ಅವರಿಗೆ ಖಾಲಿ ಎನಿಸಿದರೆ ಅಚ್ಚರಿಪಡಬೇಡಿ.

ಹವೆಯ ಮಾತು. ಸೆಕೆ ಇದ್ದಷ್ಟೂ ಮೇಲ್ಪದರ ಬೇಗ ಹಾರುತ್ತದೆ, ತೇವ ಇದ್ದಷ್ಟೂ ಘಮ ದೂರ ಹೋಗುತ್ತದೆ. ಬೆಂಗಳೂರಿನಲ್ಲಿ ಐರಿಸ್ ವರ್ಷವಿಡೀ ಚೆನ್ನ. ಮಂಗಳೂರಿನ ಏಪ್ರಿಲ್‌ನಲ್ಲಿ ಮಲ್ಲಿಗೆ, ಜೀರಿಗೆಯದನ್ನು ಒಂದೇ ಸಲ ಹೊಡೆದರೆ ಸಾಕು. ಕಲಬುರಗಿಯ ಒಣ ಬಿಸಿಲಲ್ಲಿ ಚರ್ಮ ಒಣಗಿ ಯಾವುದೂ ನಿಲ್ಲುವುದಿಲ್ಲ, ಅಲ್ಲಿ ಪರಿಮಳವಿಲ್ಲದ ಮಾಯ್ಶ್ಚರೈಸರ್ ಹಚ್ಚಿ ಅದರ ಮೇಲೆ ಹಾಕಿಕೊಳ್ಳಬೇಕು. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಬೇಡಿ, ಬಿಸಿಗೆ ಮೇಲ್ಪದರ ಇನ್ನೂ ಬೇಗ ಹೋಗುತ್ತದೆ. ರೇಷ್ಮೆ ಸೀರೆಯ ಮೇಲೆ ನೇರ ಹೊಡೆಯುವುದಂತೂ ಬೇಡವೇ ಬೇಡ. ಮಲ್ಲಿಗೆ ಅಬ್ಸಲ್ಯೂಟ್ ಕೆಂಪುಮಿಶ್ರಿತ ಕಂದು, ವೆನಿಲ್ಲಾ ಇದ್ದರೆ ಕಾಲ ಕಳೆದಂತೆ ಇನ್ನೂ ಕಪ್ಪಾಗುತ್ತದೆ, ಕಲೆ ಹೋಗುವುದಿಲ್ಲ. ಮುತ್ತಿನ ಸರವನ್ನು ಪರ್ಫ್ಯೂಮ್ ಆರಿದ ಮೇಲೆ ಹಾಕಿಕೊಳ್ಳಲಿ.

ಬರ್ಗಮಾಟ್ ಎಣ್ಣೆಯ ಬರ್ಗಾಪ್ಟೆನ್ ಬಿಸಿಲಿಗೆ ಚರ್ಮ ಸುಡಿಸಿ ಕಪ್ಪು ಕಲೆ ಉಳಿಸಬಲ್ಲದು. ಅದಕ್ಕೇ ಚರ್ಮದ ಮೇಲೆ ಉಳಿಯುವ ಉತ್ಪನ್ನಗಳಲ್ಲಿ ಹಿಂಡಿದ ಎಣ್ಣೆ 0.4% ಮೀರಬಾರದೆಂದು ಪರಿಮಳೋದ್ಯಮದ ಅಂತರರಾಷ್ಟ್ರೀಯ ಸಂಘವಾದ ಇಫ್ರಾದ ಮಿತಿ ಇದೆ, ಹೆಚ್ಚು ಬೇಕಾದವರು ಬರ್ಗಾಪ್ಟೆನ್ ತೆಗೆದ ಎಣ್ಣೆ ಬಳಸುತ್ತಾರೆ. ನಿಯಮ ಪಾಲಿಸುವ ಮನೆಯ ಬಾಟಲಿಯಲ್ಲಿ ಈ ಹೆದರಿಕೆ ಇಲ್ಲ. ‘ನೂರಕ್ಕೆ ನೂರು ನೈಸರ್ಗಿಕ’ ಎಂದು ಮನೆಯಲ್ಲೇ ಬೆರೆಸಿ ಮಾರುವವರಲ್ಲಿ ಮಾತ್ರ ಕೇಳಿ ತಿಳಿದುಕೊಳ್ಳಿ. ಅಲರ್ಜಿ ಇರುವವರು ಡಬ್ಬಿಯ ಮೇಲಿನ ಲಿಮೊನೀನ್, ಲಿನಾಲೂಲ್, ಸಿಟ್ರಾಲ್, ಯೂಜಿನಾಲ್ ಹೆಸರುಗಳನ್ನು ಓದಬೇಕು.

ಇಡುವ ಜಾಗ ಕತ್ತಲಾಗಿ, ತಂಪಾಗಿ, ಉಷ್ಣ ಏರಿಳಿಯದಂತೆ ಇರಲಿ. ಬಚ್ಚಲಮನೆ, ಕಾರಿನ ಡ್ಯಾಶ್‌ಬೋರ್ಡ್, ಕಿಟಕಿಯ ಕನ್ನಡಿಮೇಜು ಮೂರೂ ಬೇಡ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಹೆಚ್ಚಿ ಲಿಮೊನೀನ್ ಕೆಡುತ್ತದೆ, ಆಗ ಮೊದಲ ನಿಮಿಷ ಟರ್ಪೆಂಟೈನ್ ವಾಸನೆ ಬರುತ್ತದೆ. ಹಾಗೆ ಕೆಟ್ಟ ಲಿಮೊನೀನ್ ಚರ್ಮಕ್ಕೆ ತುರಿಕೆಯನ್ನೂ ತರಬಲ್ಲದು. ಒಂದು ಸಲಕ್ಕೆ ಸುಮಾರು 0.1 ಮಿಲೀ ಎಂದರೆ 50 ಮಿಲೀ ಬಾಟಲಿ ಐನೂರು ಸಲಕ್ಕೆ ಬರುತ್ತದೆ. ನಾಲ್ಕು ದೊಡ್ಡ ಬಾಟಲಿ ಕೊಂಡರೆ ಬರ್ಗಮಾಟಿನದು ಮುಗಿಯುವ ಮೊದಲೇ ಕೆಟ್ಟಿರುತ್ತದೆ. ಆದ್ದರಿಂದ ಹೆಚ್ಚು ಇಷ್ಟವಾದ ಒಂದನ್ನು ದೊಡ್ಡದರಲ್ಲಿ, ಉಳಿದವನ್ನು ಸ್ಯಾಂಪಲ್ ಸೆಟ್ಟಿನಲ್ಲೇ ಕೊಡುವುದು ಜಾಣತನ.

ಇಲ್ಲಿಯೇ ಕೊಳ್ಳುವುದಾದರೆ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆಯ ಚೀಟಿ ಇದೆಯೇ ನೋಡಿ. ಬಾಟಲಿ ಮತ್ತು ಡಬ್ಬಿಯ ಬ್ಯಾಚ್ ಸಂಖ್ಯೆ ಒಂದೇ ಆಗಿರಬೇಕು. ಇಟಲಿಯಿಂದ ಯಾರಾದರೂ ತರುವುದಿದ್ದರೆ ಹೆಚ್ಚಿನ ವಿಮಾನನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲೀ ಮೀರದ ಬಾಟಲಿ ಮಾತ್ರ. ಚೆಕ್-ಇನ್ ಬ್ಯಾಗಿನಲ್ಲಿ ಒಂದೊಂದು ಅರ್ಧ ಲೀಟರ್ ಒಳಗೆ, ಎಲ್ಲ ಪ್ರಸಾಧನಗಳೂ ಸೇರಿ 2 ಲೀಟರ್ ಒಳಗೆ ಇರಬೇಕು. ಪರ್ಫ್ಯೂಮ್ ಬೆಂಕಿ ಹೊತ್ತುವ ದ್ರವವಾದ್ದರಿಂದ ಸಾಮಾನ್ಯ ಏರ್ ಪಾರ್ಸೆಲ್ಲಿನಲ್ಲಿ ಒಪ್ಪುವುದು ಕಷ್ಟ. ವಾರ್ಷಿಕೋತ್ಸವದ ದಿನಕ್ಕೆ ಸರಿಯಾಗಿ ತಲುಪಬೇಕೆಂದರೆ ಕನಿಷ್ಠ ಒಂದೂವರೆ ತಿಂಗಳು ಮುಂಚೆ ಸ್ಯಾಂಪಲ್ ಸೆಟ್ ತರಿಸಿ ಪರೀಕ್ಷೆ ಮುಗಿಸಿಕೊಳ್ಳಿ, ದೊಡ್ಡ ಬಾಟಲಿಗೆ ಆಮೇಲೆ ಆರ್ಡರ್ ಹಾಕಿ.