ಮೆಡಿಸಿನ್ ಸಿಗಲಿಲ್ಲ, ಪೆಥಾಲಜಿ ಬಂತು: ಸೇರಬೇಕೋ ಬಿಡಬೇಕೋ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ಸಲಹೆ ಕೇಳಿ ನಮ್ಮಲ್ಲಿಗೆ ಬಂದದ್ದು ಧಾರವಾಡ ಕಡೆಯ ಕುಟುಂಬ, ಪುಣೆಯ ಚಿಂಚವಡದಲ್ಲಿ ನೆಲೆಸಿ ಬಹಳ ವರ್ಷವಾಗಿದೆ. ಮಗಳಿಗೆ 26. ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿ ಎರಡು ಸಲ ಬರೆದಿದ್ದಾಳೆ. ಆಸೆ ಇದ್ದದ್ದು ಜನರಲ್ ಮೆಡಿಸಿನ್ ಮೇಲೆ. ಅಖಿಲ ಭಾರತ ಕೋಟಾದ ಮೊದಲ ಸುತ್ತಿನಲ್ಲಿ ಬಂದದ್ದು ಮುಂಬಯಿಯ ಸರ್ಕಾರಿ ಕಾಲೇಜಿನ ಎಂ.ಡಿ. ಪೆಥಾಲಜಿ, ಅಂದರೆ ರಕ್ತ, ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಶಾಖೆ. ಸೇರಲು ಆರು ದಿನ ಉಳಿದಿತ್ತು.

"ಇಷ್ಟ ವರ್ಷ ಓದಿ ಕಡೀಕ ರಕ್ತ-ಮೂತ್ರ ನೋಡ್ಕೋತ ಕುಂದ್ರಬೇಕೇನ್ರಿ?" ಎಂದು ತಾಯಿ ಕಣ್ಣು ಒರೆಸಿಕೊಂಡರು. ಮಗಳು ತಡೆದು ಹೇಳಿದಳು: "ನನಗೂ ಹಂಗ ಅನಸ್ತದ. ಆದ್ರ ಇನ್ನೊಂದು ವರ್ಷ ಅದನ್ನ ತಿರುಗಿ ಓದೂ ತಾಕತ್ತಿಲ್ರಿ."

ದಣಿವಿನಲ್ಲಿ ತೀರ್ಮಾನ ಬೇಡವೆಂದು, ಅನುಮತಿ ಕೊಡಿಸಿ, ಮೂರು ದಿನ ಒಂದು ಆಸ್ಪತ್ರೆಯ ಹಿಸ್ಟೋಪೆಥಾಲಜಿ (ಅಂಗಾಂಶ ಪರೀಕ್ಷೆಯ) ವಿಭಾಗದಲ್ಲಿ ಸುಮ್ಮನೆ ನಿಂತು ನೋಡಲು ಹೇಳಿದೆವು.

ಎರಡನೆಯ ದಿನ ಗ್ರಾಸಿಂಗ್ ಟೇಬಲಿಗೆ (ತೆಗೆದ ಅಂಗಾಂಶವನ್ನು ಬರಿಗಣ್ಣಿನಿಂದ ನೋಡಿ ಕೊಯ್ಯುವ ಜಾಗ) ಸ್ತನ ಕ್ಯಾನ್ಸರಿನ ಒಂದು ಸ್ಪೆಸಿಮನ್, ಅಂದರೆ ಶಸ್ತ್ರಕ್ರಿಯೆಯಲ್ಲಿ ತೆಗೆದ ಭಾಗ, ಬಂತು. ಹಿಂದಿನ ಸಂಜೆ ತೆಗೆದದ್ದು. ಕೊಯ್ಯದೆ ಇಡಿಯಾಗಿ ಚಿಕ್ಕ ಡಬ್ಬಿಗೆ ತುರುಕಿ, ಮೇಲೆ ಅಂಗಾಂಶ ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್ ಒಂದಿಷ್ಟು ಸುರಿದಿದ್ದರು. ಕೊಯ್ದು ನೋಡಿದರೆ ಹೊರಗಿನ ಅಂಚು ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಒಳಗೆ ಗಡ್ಡೆ ಕೆಂಪಗೆ, ಮೆತ್ತಗೆ ಹಾಗೇ ಇತ್ತು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಅದಕ್ಕೇ ಸ್ಪೆಸಿಮನ್ನನ್ನು ಸೀಳಿ, ಅದರ ಗಾತ್ರದ ಹತ್ತು ಪಟ್ಟು 10% ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಸ್ತನದ ಅಂಗಾಂಶವಾದರೆ 6ರಿಂದ 72 ಗಂಟೆ. ಇಲ್ಲದಿದ್ದರೆ ಒಳಗಿನ ಜೀವಕೋಶ ಕೊಳೆಯುತ್ತದೆ. ಗಡ್ಡೆಯ ಜೀವಕೋಶದಲ್ಲಿ ಈಸ್ಟ್ರೋಜನ್ ಹಾರ್ಮೋನು ಹಿಡಿಯುವ ರಿಸೆಪ್ಟರ್ ಇದ್ದರೂ ಇಲ್ಲವೆಂದು ವರದಿ ಬರಬಹುದು, ಆಗ ಆ ಹೆಂಗಸಿಗೆ ಸಿಗಬೇಕಾದ ಹಾರ್ಮೋನ್ ಮಾತ್ರೆ ಸಿಗದೇ ಹೋಗಬಹುದು. ಅಂದು ಸಂಜೆ ಹುಡುಗಿ ಫೋನಿನಲ್ಲಿ ಇಪ್ಪತ್ತು ನಿಮಿಷ ಇದೊಂದನ್ನೇ ಮಾತಾಡಿದಳು. ನಾವು ಕಾಯುತ್ತಿದ್ದದ್ದು ಇದಕ್ಕೇ. ಗ್ರಾಸಿಂಗ್ ಕೋಣೆಯಲ್ಲಿ ಇಂಥ ಕುತೂಹಲ ಹುಟ್ಟದವರಿಗೆ ಎಂ.ಡಿ.ಯ ಮೂರು ವರ್ಷದ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಕಲಿಯುವ ಅವಧಿ) ಬಹಳ ಉದ್ದವಾಗುತ್ತದೆ. ಅಂಥವರಿಗೆ ಬಿಡಿ ಎಂದೇ ಹೇಳುತ್ತೇವೆ.

ಆಮೇಲೆ ಕೊಟ್ಟ ಸಲಹೆ ಹೀಗಿತ್ತು.

ಅಖಿಲ ಭಾರತ ಕೋಟಾದ ಸೀಟು ಹಂಚುವ ಎಂಸಿಸಿಯ ಮೊದಲ ಸುತ್ತಿನ ಸೀಟು ಬಿಟ್ಟರೆ ದಂಡವಿಲ್ಲ. ಎರಡನೆಯ ಸುತ್ತಿನಲ್ಲಿ ಬಂದದ್ದಕ್ಕೆ ಸೇರದಿದ್ದರೆ ಠೇವಣಿ ಹೋಗುತ್ತದೆ. ಸೇರಿ 'ಅಪ್‌ಗ್ರೇಡ್' (ಮುಂದಿನ ಸುತ್ತಿನಲ್ಲಿ ಇನ್ನೂ ಬೇಕಾದ ಸೀಟು ಕೇಳುವುದು) ಒಪ್ಪಿದರೆ, ಹೊಸದು ಬಂದೊಡನೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ಹಲವರು ಎಡವುವುದು ಇಲ್ಲೇ. ಪೆಥಾಲಜಿಗಿಂತ ನಿಜವಾಗಿ ಹೆಚ್ಚು ಬೇಕಾದದ್ದನ್ನು ಮಾತ್ರ ಪಟ್ಟಿಗೆ ಹಾಕು, ಸಂಬಂಧಿಕರನ್ನು ಸಮಾಧಾನಪಡಿಸಲು ಒಂದನ್ನೂ ಸೇರಿಸಬೇಡ ಎಂದೆವು. ಸೇರುವ ಮೊದಲು ಕೆಂಪು-ಹಸಿರು ಬಣ್ಣದ ಪರೀಕ್ಷೆಯನ್ನೂ ಮಾಡಿಸಲು ಹೇಳಿದೆವು. ಸ್ಲೈಡಿನ ಕೆಲಸವೆಲ್ಲ ಬಣ್ಣದ ಮೇಲೆ ನಿಂತಿದೆ.

ತಾಯಿಯ ಪ್ರಶ್ನೆಯನ್ನೂ ತಳ್ಳಿಹಾಕಲಿಲ್ಲ. ಸೂಜಿ ಚುಚ್ಚಿ ಗಡ್ಡೆಯಿಂದ ಜೀವಕೋಶ ತೆಗೆಯುವ ಎಫ್‌ಎನ್‌ಎಸಿ, ಮೂಳೆಮಜ್ಜೆಯ ಪರೀಕ್ಷೆ, ಇವೆಲ್ಲ ರೋಗಿಯನ್ನು ಮುಟ್ಟಿ, ಮಾತಾಡಿಸಿ ಮಾಡುವಂಥವೇ. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಫ್ರೋಜನ್ ಸೆಕ್ಷನ್ (ತುಣುಕನ್ನು ಹೆಪ್ಪುಗಟ್ಟಿಸಿ ಕೂಡಲೇ ಮಾಡುವ ಪರೀಕ್ಷೆ) ಬಂದರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಪೆಥಾಲಜಿಸ್ಟ್ ಉತ್ತರ ಕೊಡಬೇಕು, ಸರ್ಜನ್ ಅಲ್ಲಿವರೆಗೆ ಕಾಯುತ್ತಿರುತ್ತಾರೆ. ಅಮ್ಮನಿಗೆ ಅದನ್ನೇ ವಿವರಿಸಿದೆವು.

ಮುಂದಿನ ದಾರಿಯ ಬಗ್ಗೆ: ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಬೇಕೆಂದರೆ ಎಂ.ಡಿ. ನಂತರ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಹಿರಿಯ ರೆಸಿಡೆಂಟ್ ಆಗಿ ಕೆಲಸ) ಬೇಕು, ಅದನ್ನು ಮುಂದೂಡಬಾರದು. ಕ್ಯಾನ್ಸರ್ ಕಡೆಗೆ ಒಲವಿದ್ದರೆ ಪರೇಲಿನ ಟಾಟಾ ಮೆಮೋರಿಯಲ್‌ನಂಥ ಕಡೆ ಹೆಚ್ಚಿನ ತರಬೇತಿ. ರಕ್ತದ ಕಾಯಿಲೆಗಳ ಕಡೆಗಾದರೆ ಹೆಮಟೋಪೆಥಾಲಜಿಯಲ್ಲಿ ಡಿ.ಎಂ., ಅಂದರೆ ಎಂ.ಡಿ. ಮೇಲಿನ ಪದವಿ. ಸ್ವಂತ ಲ್ಯಾಬ್ ಅವಸರ ಬೇಡ. ಕಂಪನಿಗಳು ರಕ್ತಕಣ ಎಣಿಸುವ ಯಂತ್ರವಾದ ಸೆಲ್ ಕೌಂಟರನ್ನು ಪುಕ್ಕಟೆಯೆಂಬಂತೆ ಇಟ್ಟುಹೋಗುತ್ತವೆ, ಆದರೆ ಕರಾರಿನಲ್ಲಿ ತಿಂಗಳಿಗೆ ಇಷ್ಟು ರೀಏಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ಕೊಳ್ಳಲೇಬೇಕೆಂದು ಇರುತ್ತದೆ. ದಿನಕ್ಕೆ ಹತ್ತು ಸ್ಯಾಂಪಲ್ ಬರುವ ಲ್ಯಾಬು ಆ ಕರಾರಿನ ಭಾರಕ್ಕೇ ಮುಳುಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಟುವಾಗಿಯೇ ಎಚ್ಚರಿಸಿದೆವು. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ವೈದ್ಯರ ಸಹಿ ಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಎಂ.ಡಿ. ಆದೊಡನೆ, ನೋಡದ ವರದಿಗೆ ಸಹಿ ಕೊಡಿ, ತಿಂಗಳಿಗಿಷ್ಟು ಕೊಡುತ್ತೇವೆ ಎಂದು ಕೇಳಿ ಬರುವವರಿರುತ್ತಾರೆ. ಒಪ್ಪಿದರೆ ರಿಜಿಸ್ಟ್ರೇಷನ್ ಕಳೆದುಕೊಳ್ಳುವ ಅಪಾಯ. ಅದಕ್ಕಿಂತ ದೊಡ್ಡದು, ಆ ವರದಿ ನಂಬಿ ಔಷಧ ತೆಗೆದುಕೊಳ್ಳುವವನ ಜೀವ.

ಅವಳು ಸೇರಿದಳು, ಅಪ್‌ಗ್ರೇಡ್ ಕೇಳಲಿಲ್ಲ. ಮೂರನೆಯ ತಿಂಗಳು ಬಂದಾಗ ದೂರು ಒಂದೇ: ಗ್ರಾಸಿಂಗ್ ಮಾಡುವಾಗ ಫಾರ್ಮಲಿನ್ ಆವಿಗೆ ಕಣ್ಣು ಉರಿ, ಗಂಟಲು ಕೆರೆತ. ಸಹಿಸಿಕೊಳ್ಳುವುದು ಬೇಡ, ಎಕ್ಸಾಸ್ಟ್ ಗಾಳಿ ಎಳೆಯುತ್ತಿದೆಯೋ ಇಲ್ಲವೋ ಪರೀಕ್ಷಿಸುವಂತೆ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡು, ಡಬ್ಬಿಗಳ ಮುಚ್ಚಳ ಹಾಕಿಡು, ಸ್ಪೆಸಿಮನ್ ತೊಳೆದು ಆಮೇಲೆ ಕೊಯ್ಯಿ ಎಂದು ಹೇಳಿ ಕಳಿಸಿದೆವು.